ಹಗ್ಗ ತೊಳೆದ ಭಾನುವಾರ

ಗುಮಾಸ್ತನಿಗೆ ಹಗ್ಗ ತೊಳೆಯುವ ಬುದ್ಧಿ ಬರಬಾರದಿತ್ತು. ಬಂತು. ಸಂಜೆ ನಾಲ್ಕಕ್ಕೆ ಅವನ ಹಾಯಿದೋಣಿಯನ್ನು ನೋಡಲು ಗಿರಾಕಿ ಬರುವವನಿದ್ದ. ಹಾಯಿ ಏರಿಸುವ ಹಗ್ಗವೋ ಪಾಚಿ ಹಿಡಿದು ಹಸಿರಾಗಿತ್ತು.

ಆ ದೋಣಿಯಲ್ಲಿ ಹಗ್ಗಗಳು ಟೊಳ್ಳಾದ ಹಾಯಿಕಂಬದ ಒಳಗೇ ಓಡುತ್ತಿದ್ದವು. ತುದಿಯ ರಾಟೆ ದಾಟಿ ಒಳಗಿಳಿದು, ಬುಡದ ಕಂಡಿಯಲ್ಲಿ ಹೊರಬರುತ್ತಿದ್ದವು. ತಿಳಿದವರು ಹಗ್ಗವನ್ನು ಎಳೆದು ತೆಗೆಯುವ ಮೊದಲು ಅದರ ಬಾಲಕ್ಕೊಂದು ದಾರ ಕಟ್ಟುತ್ತಾರೆ. ಹಗ್ಗ ಹೊರಬಂದರೂ ದಾರ ಒಳಗೇ ಉಳಿದು ದಾರಿ ಕಾಯುತ್ತದೆ. ಗುಮಾಸ್ತ ಕಟ್ಟಲಿಲ್ಲ. ಸರ್ರನೆ ಎಳೆದ, ಬಕೆಟ್ಟಿನಲ್ಲಿ ಅದ್ದಿದ, ಸೋಪು ಹಚ್ಚಿದ. ಹಗ್ಗ ಬೆಳ್ಳಗಾದ ಮೇಲೆ, ಪಾಯಿಜಾಮದ ಲಾಡಿ ಕಿತ್ತು ಒಗೆದವನ ಹಾಗೆ ಅದನ್ನು ಕೈಯಲ್ಲಿ ಹಿಡಿದು ಕಂಬದ ತುದಿಯನ್ನೇ ನೋಡುತ್ತ ನಿಂತ.

ದೋಣಿ ಇವತ್ತು ಹೋಗಲೇಬೇಕಿತ್ತು. ಒಂಬತ್ತು ವರ್ಷದ ಭಾನುವಾರಗಳನ್ನೆಲ್ಲ ಅದು ರಿಪೇರಿಯ ಹೆಸರಿನಲ್ಲಿ ನುಂಗಿತ್ತು. ಅಷ್ಟರಲ್ಲಿ ದಡ ಬಿಟ್ಟದ್ದು ನಾಲ್ಕು ಸಲ, ತಾನಾಗಿ ದಡಕ್ಕೆ ಮರಳಿದ್ದು ಒಂದು ಸಲ. ಬೆಳಿಗ್ಗೆ ಹೆಂಡತಿ ಬಹಳ ಶಾಂತವಾಗಿ ಮಾತಾಡಿದ್ದಳು. ಅವಳು ಕೂಗಾಡಿದರೆ ಅವನಿಗೆ ಭಯವಿರಲಿಲ್ಲ.

"ಸಂಜೆ ಒಳಗೆ ದೋಣಿ ಹೋಗ್ಬೇಕು. ಇಲ್ದಿದ್ರೆ ಆರು ಗಂಟೆ ಬಸ್ಸಿಗೆ ನಾನು ಅಕ್ಕನ ಮನೆಗೆ ಹೋಗ್ತೀನಿ. ನೀವು, ನಿಮ್ಮ ಹಗ್ಗ ಸುಖವಾಗಿರಿ."

ಪಕ್ಕದ ದೋಣಿಯ ನಿವೃತ್ತ ಮೇಷ್ಟ್ರು ಆಗಲೇ ಹಾಜರಾಗಿದ್ದರು. ಇನ್ನೊಬ್ಬರ ಕಷ್ಟದ ವಾಸನೆ ಅವರಿಗೆ ಕಾಫಿಯ ವಾಸನೆಗಿಂತ ಬೇಗ ತಲುಪುತ್ತಿತ್ತು.

"ದಾರ ಕಟ್ಲಿಲ್ವಾ?"

"ಮರೆತೆ ಮೇಷ್ಟ್ರೇ."

"ಮರೀಬೇಕು! ಮರೆತ್ರೆ ತಾನೆ ಕಲಿಯೋದು?" ಎಂದರು ಪರಮಾನಂದದಿಂದ. "ಒಂದು ತುಂಡು ಸೈಕಲ್ ಚೈನಿಗೆ ದಾರ ಕಟ್ಟಿ ಮೇಲಿಂದ ಬಿಡಿ. ಭಾರಕ್ಕೆ ತಾನೇ ಇಳಿಯುತ್ತೆ. ನನ್ನ ಸ್ವಂತ ಅನುಭವ."

ಆಚೆ ದೋಣಿಯ ಹಲ್ಲಿನ ಡಾಕ್ಟರೂ ಕೈಜೋಡಿಸಿದರು. ಗುಮಾಸ್ತನನ್ನು ಹಲಗೆಯ ಮೇಲೆ ಕೂರಿಸಿ, ಕಂಬದೊಳಗೆ ಉಳಿದಿದ್ದ ಇನ್ನೊಂದು ಹಗ್ಗದಿಂದ ಇಬ್ಬರೂ ಮೇಲಕ್ಕೆಳೆದರು. ಹತ್ತು ಅಡಿಗೆ ಅವನು ಒಬ್ಬ ದೇವರನ್ನು ನೆನೆದ. ಮೂವತ್ತು ಅಡಿಗೆ ಯಾರನ್ನೂ ಬಿಡಲಿಲ್ಲ.

ಚೈನು ಗಲಗಲನೆ ಇಳಿಯಿತು. ಬುಡಕ್ಕೆ ಒಂದು ಮೊಳವಿರುವಾಗ ನಿಂತಿತು.

"ಅಲ್ಲಾಡ್ಸಿ!" ಎಂದರು ಮೇಷ್ಟ್ರು.

ಅಲ್ಲಾಡಿಸಿದ. ಒಳಗೆ ಚೈನು, ಬಹಳ ದಿನಕ್ಕೆ ಸಿಕ್ಕ ನೆಂಟರನ್ನು ಅಪ್ಪುವ ಹಾಗೆ, ಇನ್ನೊಂದು ಹಗ್ಗವನ್ನು ತಬ್ಬಿಕೊಂಡಿತು. ಅದು ಅವನು ತೂಗಾಡುತ್ತಿದ್ದ ಹಗ್ಗ.

"ಮೇಷ್ಟ್ರೇ, ಇಳಿಸಿ!"

"ಬಿಟ್ಟಿದ್ದೀವಲ್ಲ, ಇಳೀರಿ!"

"ಇಳಿಯಲ್ಲ ಅಂತ ನಾನೇನು ಹಟ ಮಾಡ್ತಿದ್ದೀನಾ?"

ಮೇಷ್ಟ್ರು ಹಗ್ಗದ ತುದಿಯನ್ನು ಗೂಟಕ್ಕೆ ಸುತ್ತಿದರು. "ಗಾಬರಿ ಆಗ್ಬೇಡಿ. ಯೋಚನೆ ಮಾಡೋಣ. ಊಟ ಆದ್ರೆ ಯೋಚನೆ ಚೆನ್ನಾಗಿ ಬರುತ್ತೆ," ಎಂದು ಮನೆಗೆ ನಡೆದರು. ಊಟದ ಮೇಲೆ ನಿದ್ದೆಯಲ್ಲೂ ಯೋಚಿಸಿರಬೇಕು, ಮರಳಿದ್ದು ಮೂರು ಗಂಟೆಗೆ.

ಡಾಕ್ಟರು ಮಾತ್ರ ಅಲ್ಲಿಯವರೆಗೂ ಬುಡದ ಕಂಡಿಗೆ ಪುಟ್ಟ ಕನ್ನಡಿ ತೂರಿಸಿ, ಕೊಕ್ಕೆಯಿಂದ ಕೆದಕುತ್ತಲೇ ಇದ್ದರು. "ಸಿಕ್ತು. ಸ್ವಲ್ಪ ನೋವಾಗ್ಬಹುದು," ಎಂದರು ಅಭ್ಯಾಸಬಲದಿಂದ. ಎಳೆದರು. ಚೈನು ಕಳಚಿ, ಬಾಲಕ್ಕೆ ಕಟ್ಟಿದ ದಾರದೊಡನೆ ಹೊರಬಂತು. ಗುಮಾಸ್ತ ದಾರದ ಮೇಲಿನ ತುದಿಗೆ, ಸೊಂಟಕ್ಕೆ ಸುತ್ತಿಕೊಂಡು ಹೋಗಿದ್ದ ತೊಳೆದ ಹಗ್ಗವನ್ನು ಬಿಗಿದ. ಕೆಳಗಿಂದ ಎಳೆದಾಗ ಹಗ್ಗ ಸಲೀಸಾಗಿ ನುಸುಳಿ ಬುಡ ಮುಟ್ಟಿತು. ಅವನನ್ನು ಇಳಿಸಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು.

ನಾಲ್ಕಕ್ಕೆ ಸರಿಯಾಗಿ ಗಿರಾಕಿ ಬಂದ. ನಿವೃತ್ತ ಇಂಜಿನಿಯರು, ಕೈಯಲ್ಲಿ ಸ್ಪ್ಯಾನರುಗಳ ಪೆಟ್ಟಿಗೆ.

"ನೋಡಿ ಸಾರ್," ಎಂದು ಗುಮಾಸ್ತ ಹಾಯಿ ಏರಿಸಿದ. "ಬೆಣ್ಣೆ ಥರ ಓಡುತ್ತೆ."

"ಎಲ್ಲೂ ಸಿಕ್ಕಿಹಾಕ್ಕೊಳ್ಳಲ್ವಾ?"

"ದೇವರಾಣೆಗೂ ಇಲ್ಲ."

"ಸೋರೋದು?"

"ಒಂದು ಹನಿ ಇಲ್ಲ ಸಾರ್."

ಇಂಜಿನಿಯರ ಮುಖ ಬಾಡುತ್ತ ಹೋಯಿತು. ಪೆಟ್ಟಿಗೆಯ ಮೇಲೆ ಕುಸಿದು ಕೂತರು. "ರಿಟೈರಾಗಿ ಎರಡು ತಿಂಗಳಾಯ್ತು. ಮನೇಲಿದ್ದ ಫ್ಯಾನು, ಮಿಕ್ಸಿ, ಗಡಿಯಾರ ಎಲ್ಲಾ ಬಿಚ್ಚಿ ಆಯ್ತು. ಹೊರಗೆಲ್ಲಾದ್ರೂ ಕೆಟ್ಟಿರೋದು ಹುಡುಕ್ಕೊಳ್ಳಿ ಅಂದ್ಲು ನಮ್ಮನೆಯವಳು. ಎಲ್ಲಾ ಸರಿಯಾಗಿರೋ ದೋಣಿ ತಗೊಂಡು ನಾನೇನ್ರೀ ಮಾಡ್ಲಿ? ಸಮುದ್ರದಲ್ಲಿ ಓಡಾಡ್ಲಾ?"

"ಸಾರ್, ಮಧ್ಯಾಹ್ನದವರೆಗೂ ಕೆಟ್ಟಿತ್ತು ಸಾರ್! ಇವರನ್ನೇ ಕೇಳಿ! ಬೇಕಾದ್ರೆ ಈಗ್ಲೇ ಕೆಡಿಸಿ ಕೊಡ್ತೀನಿ!"

"ಬೇಕೂಂತ ಕೆಡಿಸಿದ್ರಲ್ಲಿ ರುಚಿ ಇರಲ್ಲ ಬಿಡಿ."

ಮೇಷ್ಟ್ರು ಮೆಲ್ಲಗೆ ಕೆಮ್ಮಿದರು. "ನನ್ನ ದೋಣಿ ಕಂಬದೊಳಗೆ ಮೂರು ಹಗ್ಗ ಸಿಕ್ಕಿಕೊಂಡಿವೆ ಸ್ವಾಮಿ. ನಾಲ್ಕು ವರ್ಷ ಆಯ್ತು. ಜೊತೆಗೆ ಎರಡು ಸೈಕಲ್ ಚೈನೂ ಇವೆ."

ಇಂಜಿನಿಯರ ಕಣ್ಣಿನಲ್ಲಿ ದರ್ಶನ ಪಡೆದ ಭಕ್ತನ ಬೆಳಕು ಮೂಡಿತು. ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯಿತು.

ಆರಕ್ಕೆ ಸ್ವಲ್ಪ ಮೊದಲು ಹೆಂಡತಿಯ ಫೋನು ಬಂತು.

"ದೋಣಿ ಹೋಯ್ತಾ?"

"ಹೋಯ್ತು," ಎಂದ ಗುಮಾಸ್ತ. ಅಷ್ಟಕ್ಕೇ ನಿಲ್ಲಿಸುವ ಧೈರ್ಯ ಸಾಲದೆ, "ಮೇಷ್ಟ್ರದ್ದು," ಎಂದು ಸೇರಿಸಿದ.

ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು.

"ಅವರ ಹೆಂಡ್ತಿ ಪುಣ್ಯವಂತೆ," ಎಂದಳು ಅವಳು, ಬಹಳ ಶಾಂತವಾಗಿ.