ಎರಡು ಗೀಟು ಬಿಟ್ಟು

ಸಡಿಲ ತಿರುಪು ಕಂಡರೆ ಬಿಗಿ ಮಾಡದೆ ಮುಂದೆ ಹೋಗಲಾರದವರ ಪೈಕಿ ನಾನು. ಕೆ.ಬಿ. ಬಡಾವಣೆಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟವನಿಗೆ ಇದೊಂದು ಸದ್ಗುಣವೆಂದೇ ತಿಳಿದಿದ್ದೆ. ನೆಂಟರ ಮನೆಯ ಕುರ್ಚಿ, ಬಸ್ಸಿನ ಕಿಟಕಿ, ಯಾವುದನ್ನೂ ಬಿಟ್ಟವನಲ್ಲ.

ಮಗಳು ಶೈಲಾ ಏರ್ ರೈಫಲ್ ಕಲಿಯುತ್ತಾಳೆ. ಅದರ ಮೇಲೊಂದು ದುರ್ಬೀನು, ಅವಳ ಬಾಯಲ್ಲಿ ಸ್ಕೋಪು. ಕಣ್ಣಿಟ್ಟರೆ ಗಾಜಿನೊಳಗೆ ಅಡ್ಡಗೆರೆ ಉದ್ದಗೆರೆ ಸೇರುವ ಕೂಡುಗೆರೆ. ಗೆರೆಗಳ ಮೇಲೆ ಅಳತೆಪಟ್ಟಿಯಲ್ಲಿರುವಂತೆ ಪುಟ್ಟ ಗೀಟುಗಳು. ಕೊಳವೆಯ ಸುತ್ತಲಿನ ಬಳೆ ತಿರುಗಿಸಿದರೆ ದೂರದ್ದು ದೊಡ್ಡದಾಗುತ್ತದೆ. ಆಯುಧಪೂಜೆಯ ದಿನ ತಕ್ಕಡಿ, ಸ್ಕೂಟರು, ಸ್ಪ್ಯಾನರುಗಳ ಸಾಲಿಗೆ ರೈಫಲನ್ನೂ ತಂದಿಟ್ಟೆ. ಮನೆಯಲ್ಲಿ ಆಯುಧ ಅನ್ನುವಂಥದ್ದು ಅದೊಂದೇ ತಾನೇ! ಸ್ಕೋಪಿನ ಗಾಜಿನ ಮೇಲೆ ಮೂರು ಬೆರಳು ವಿಭೂತಿ ಎಳೆದೆ. ಪಕ್ಕದ ಪುಟ್ಟ ಮುಚ್ಚಳ ಬಿಚ್ಚಿದರೆ ಒಳಗೊಂದು ತಿರುಪು, ಮುಟ್ಟಿದರೆ ತಿರುಗುತ್ತಿತ್ತು. ಬಿಗಿ ಮಾಡಿ ಮುಚ್ಚಿದೆ. ವಿಭೂತಿಯನ್ನು ಮಗಳು ಗೊಣಗುತ್ತ ಒರೆಸಿದಳು. ತಿರುಪಿನ ಸಂಗತಿ ಹೇಳಬೇಕಾದ ಸುದ್ದಿಯೆಂದು ನನಗೆ ಅನ್ನಿಸಲೇ ಇಲ್ಲ.

ಹಬ್ಬದ ರಜೆ ಮುಗಿದ ಬೆಳಗ್ಗೆಯೇ ಹರಿಹರದಲ್ಲಿ ಜಿಲ್ಲಾ ತಂಡದ ಆಯ್ಕೆ. ವರ್ಷವಿಡೀ ಅವಳು ಕಾದಿದ್ದು ಅದಕ್ಕೇ. ಲೆಕ್ಕಕ್ಕಿಲ್ಲದ ಮೊದಲ ಗುಂಡುಗಳೆಲ್ಲ ಗುರಿಯ ಎಡಕ್ಕೆ ಗುಂಪಾಗಿ ಬಿದ್ದವು. ಶೈಲಾ ಎದ್ದು ನನ್ನ ಹತ್ತಿರ ಬಂದಳು.

“ಅಪ್ಪಾಜಿ, ಸ್ಕೋಪಿನ ಮುಚ್ಚಳ ಬಿಚ್ಚಿದ್ರೇನು?”

“ಸಡ್ಲ ಆಗಿತ್ತವ್ವ, ಬಿಗಿ ಮಾಡ್ದೆ.”

“ಅದು ಇರೋದೇ ಹಂಗೆ. ಗುಂಡು ಬೀಳೋ ಜಾಗಕ್ಕೆ ಕೂಡುಗೆರೆ ಹೊಂದ್ಸೋ ತಿರುಪು ಅದು.”

ಅವಳು ನಿದ್ದೆಗೆಟ್ಟು ಕಲಿತ ಬೆಳಗುಗಳನ್ನೆಲ್ಲ ನಾನು ಎರಡು ಬೆರಳಲ್ಲಿ ಕೆಡಿಸಿಬಿಟ್ಟಿದ್ದೆ. ಆಗಲಾದರೂ ಸುಮ್ಮನಿರಬೇಕಲ್ಲ? “ಬಳೆ ತಿರುಗ್ಸಿ ಇನ್ನೂ ದೊಡ್ಡದು ಮಾಡ್ಕೊ” ಅಂದೆ.

“ಬ್ಯಾಡ. ದೊಡ್ಡದು ಮಾಡಿದ್ರೆ ಕೈ ನಡುಕಾನೂ ದೊಡ್ಡದಾಗಿ ಕಾಣ್ತೈತೆ, ಗೀಟಿನ ಲೆಕ್ಕಾನೂ ತಪ್ತೈತೆ. ನೀವು ಹೋಗಿ ಕೂಡ್ರಿ.”

ಹೋಗಿ ಕೂತೆ. ತಿರುಪನ್ನು ಮತ್ತೆ ಹೊಂದಿಸಲು ಹೊತ್ತಿರಲಿಲ್ಲ. ಗುಂಡು ಎಡಕ್ಕೆ ಎರಡು ಗೀಟಿನಷ್ಟು ಸರಿಯುತ್ತಿದೆಯೆಂದು ಗಮನಿಸಿ, ನಡುವಿನ ಕೂಡುಗೆರೆಯನ್ನು ಬಿಟ್ಟು ಎಡಗಡೆಯ ಎರಡನೇ ಗೀಟನ್ನೇ ಗುರಿಯ ಮೇಲಿಟ್ಟು ಹೊಡೆದಳಂತೆ. ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಆಯ್ಕೆಯಾದವರಲ್ಲಿ ಕಟ್ಟಕಡೆಗೆ ಅವಳ ಹೆಸರು ಕೂಗಿದಾಗ, ನಾಚಿಕೆ ಬಿಟ್ಟು ಅತ್ತೆ.

ಮನೆಗೆ ಬಂದು ನನ್ನಾಕೆಗೆ ಎಲ್ಲವನ್ನೂ ವಿವರಿಸಿ, ಇದು ವಿಭೂತಿಯ ಬಲವೇ ಸೈ ಎಂದೆ. ಬೂಟು ಬಿಚ್ಚುತ್ತಿದ್ದ ಶೈಲಾ ತಲೆ ಎತ್ತದೆ ಹೇಳಿದಳು: “ಅಮ್ಮಾ, ಅಪ್ಪಾಜಿ ಹೇಳಿದ್ದನ್ನ ಎರಡು ಗೀಟು ಬಿಟ್ಟು ಕೇಳು.”

ಅಂದಿನಿಂದ ಮನೆಯವರು ನನ್ನ ಮಾತನ್ನು ಹಾಗೆಯೇ ಕೇಳುತ್ತಿದ್ದಾರೆ. ಅದು ಸರಿಯಾಗಿ ಗುರಿ ಮುಟ್ಟುತ್ತಿರುವುದು ಮದುವೆಯಾದಂದಿನಿಂದ ಇದೇ ಮೊದಲು.