ಹುದ್ದೆಯಷ್ಟು ಎತ್ತರ

ನಗರ ಗೋಡೆ ಸೌಂದರ್ಯ ಮಂಡಳಿಯ ನಿಯಮ ಹನ್ನೊಂದರ ಪ್ರಕಾರ, ಸರ್ಕಾರಿ ಗೋಡೆಯ ಮೇಲೆ ಬರೆಯಲಾಗುವ ಯಾವುದೇ ವ್ಯಕ್ತಿಯ ಎತ್ತರವು ಸದರಿ ವ್ಯಕ್ತಿಯ ಹುದ್ದೆಗೆ ಅನುಗುಣವಾಗಿ ಇರತಕ್ಕದ್ದು. ಈ ನಿಯಮ ಹುಟ್ಟಿದ್ದು ಬನಶಂಕರಿ ಎರಡನೇ ಹಂತದ ಒಂದು ಪಾರ್ಕಿನ ಕಾಂಪೌಂಡಿನ ಪಕ್ಕದಲ್ಲಿ. ಹುಟ್ಟಿಸಿದವರು ಸ್ವತಃ ವಿಜಯಲಕ್ಷ್ಮಿ ಟೀಚರ್. ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಡ್ರಾಯಿಂಗ್ ಪಾಠ ಮಾಡಿದವರು, ಯಾರಾದರೂ ಪ್ರಶ್ನೆ ಕೇಳಿದರೆ ಸುಮ್ಮನಿರುತ್ತಾರೆಯೇ?

ತ್ಯಾಗರಾಜನಗರದ ಈ ನಿವೃತ್ತ ಟೀಚರಿಗೆ ಇದ್ದದ್ದು ಒಂದೇ ಆಸೆ. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನವರು ಗೋರಿಯ ಗೋಡೆಗಳ ಮೇಲೆ ಕೊಳ ಬರೆಯುತ್ತಿದ್ದರು. ಸುತ್ತ ಖರ್ಜೂರದ ಮರ, ನೀರಲ್ಲಿ ತಾವರೆ, ಮೀನು, ಬಾತು. ಅಂಥದ್ದೊಂದನ್ನು ದೊಡ್ಡ ಗೋಡೆಯ ಮೇಲೆ ಬರೆಯಬೇಕು. ಸ್ಕೂಲಿನಲ್ಲಿ ಸೇಬು, ಮಡಕೆ ಬರೆಸಿ ಬರೆಸಿ ಕೈ ಸವೆದಿತ್ತು, ಪಾಪ. ಮಂಡಳಿಯವರು ಅರವತ್ತು ಅಡಿ ಉದ್ದ, ಆರಡಿ ಎತ್ತರದ ಗೋಡೆ ಕೊಟ್ಟ ದಿನ ಟೀಚರ್ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದರು.

ಕೊಳ ಮುಗಿಯಿತು. ಪಕ್ಕದಲ್ಲಿ ಗೋರಿಯ ಯಜಮಾನನನ್ನೂ, ಅವನಿಗೆ ಹಣ್ಣು ಹೊತ್ತು ತರುವ ಆಳುಗಳನ್ನೂ ಬರೆದಾಯಿತು. ಮಂಡಳಿಯ ಎಂಜಿನಿಯರ್ ಜಯಸಿಂಹ ತಪಾಸಣೆಗೆ ಬಂದರು.

"ಏನ್ ಮೇಡಂ, ಈಯಪ್ಪ ಇಷ್ಟು ದೊಡ್ಡೋನು, ಉಳಿದೋರು ಇವನ ಮೊಣಕಾಲಷ್ಟೇ ಇದಾರೆ? ಅಳತೆ ತಪ್ಪೋಯ್ತಾ?"

"ಇಲ್ಲ ಸಾರ್, ಅಲ್ಲಿ ಹಾಗೇನೇ. ದೊಡ್ಡ ಅಧಿಕಾರಿ ಆದ್ರೆ ದೊಡ್ಡದಾಗಿ ಬರೀತಿದ್ರು, ಆಳುಗಳನ್ನ ಚಿಕ್ಕದಾಗಿ."

ಇಷ್ಟು ವರ್ಷ ತಮಗೆ ಅನ್ಯಾಯವಾಗಿದೆ ಎಂದು ಜಯಸಿಂಹರಿಗೆ ಈಗಷ್ಟೇ ಗೊತ್ತಾಗಿ ಸಂಕಟವಾಗಿತ್ತು. "ಎಂಥಾ ಶಿಸ್ತು ಮೇಡಂ! ನಮ್ಮಲ್ಲಿ ನೋಡಿ, ಅಟೆಂಡರ್ ಸೀನು ನನಗಿಂತ ಅರ್ಧ ಅಡಿ ಎತ್ತರ."

ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಸೀನು ಅಲ್ಲೇ ಬಣ್ಣ ಕಲೆಸುತ್ತಿದ್ದ. ಅವನು ಕೊಂಚ ಬಗ್ಗಿ ನಿಂತ.

ನಾಲ್ಕೇ ದಿನಕ್ಕೆ ಸುತ್ತೋಲೆ ಬಂತು. "ಪುರಾತನ ಈಜಿಪ್ಟಿನ ಪದ್ಧತಿಯಂತೆ ಅಟೆಂಡರ್ ಒಂಬತ್ತು ಅಂಗುಲ. ಮೇಲಿನ ಪ್ರತಿ ದರ್ಜೆಗೂ ಎತ್ತರವು ಇಮ್ಮಡಿಯಾಗತಕ್ಕದ್ದು. ಗೋರಿಯ ಯಜಮಾನನ ನೇಮಕಾತಿ ಆದೇಶ ಲಭ್ಯವಿಲ್ಲದ ಕಾರಣ, ಅವನ ಸ್ಥಾನದಲ್ಲಿ ಹಾಲಿ ಅಧಿಕಾರಿಗಳನ್ನು ಬರೆಯುವುದು."

ಗುಮಾಸ್ತರು ಒಂದೂವರೆ ಅಡಿ, ಸೂಪರಿಂಟೆಂಡೆಂಟ್ ಮೂರು. ಜಯಸಿಂಹ ಆರಡಿ, ಗೋಡೆಗೆ ಹೇಳಿ ಮಾಡಿಸಿದ ಹಾಗೆ. ಹೆಂಡತಿಯನ್ನು ಕರೆತಂದು ತೋರಿಸಿದರು. ಜಾಗ ಮಾಡಲು ಖರ್ಜೂರದ ಮರಗಳು ಹೋದವು. ಜಯಸಿಂಹರ ಮೇಲಿನ ಅಧಿಕಾರಿ ಹನ್ನೆರಡಡಿ, ಸೊಂಟದವರೆಗೆ ಮಾತ್ರ ಹಿಡಿಸಿದರು. ಹೀಗೇ ಏರುತ್ತಾ ಏರುತ್ತಾ ಮಂಡಳಿಯ ಅಧ್ಯಕ್ಷರು ತೊಂಬತ್ತಾರು ಅಡಿಯಾದರು. ಅವರ ಎರಡು ಪಾದ ಬಿಟ್ಟರೆ ಬೇರೇನೂ ಗೋಡೆಗೆ ಹಿಡಿಸಲಿಲ್ಲ. ಪಾದಗಳ ನಡುವೆ ಜಾಗವೇನೋ ಇತ್ತು. ಆದರೆ ಅಧ್ಯಕ್ಷರ ಕಾಲ ಸಂದಿಯಲ್ಲಿ ಯಾರನ್ನಾದರೂ ನಿಲ್ಲಿಸುವುದು ಸಭ್ಯತೆಯಲ್ಲವೆಂದು ಅದನ್ನು ಖಾಲಿ ಬಿಡಲಾಯಿತು. ಜಯಸಿಂಹ ತಮ್ಮ ಚಿತ್ರಕ್ಕೆ ತಾವೇ ನಿಂತು ಸುಣ್ಣ ಹೊಡೆಸಿದರು.

"ಸಾರ್, ಕೊಳ ಒಂದನ್ನ ಬಿಟ್ಬಿಡಿ. ನಿಮ್ಮ ದಮ್ಮಯ್ಯ," ಎಂದರು ಟೀಚರ್.

"ಕೊಳಕ್ಕೆ ದರ್ಜೆ ಎಲ್ಲಿದೆ ಮೇಡಂ? ದರ್ಜೆ ಇಲ್ಲ ಅಂದ್ರೆ ಎತ್ತರ ಸೊನ್ನೆ."

ಕೊಳಕ್ಕೂ ಸುಣ್ಣ ಬಿತ್ತು. ಟೀಚರ್ ಮನೆಗೆ ಹೋಗಿ ಚೆನ್ನಾಗಿ ಅತ್ತರು. ಅತ್ತು ಮುಗಿದ ಮೇಲೆ ಸಿಟ್ಟು ಬಂತು.

ಈಜಿಪ್ಟಿನ ಚಿತ್ರಗಳಲ್ಲಿ ಪಾದ ಪಕ್ಕದಿಂದ ಕಾಣುತ್ತದೆ. ಹಾಗಾಗಿ ಪ್ರತಿ ಪಾದಕ್ಕೂ ಹೆಬ್ಬೆರಳು ಮಾತ್ರ. ಅಧ್ಯಕ್ಷರ ಹೆಬ್ಬೆರಳಿನ ಉಗುರು ಒಂದು ಮೊಳ ಅಗಲವಿತ್ತು. ಮಾರನೆಯ ದಿನ ಟೀಚರ್ ಮುಂದಿನ ಪಾದದ ಉಗುರಿನೊಳಗೆ ಇಡೀ ಕೊಳವನ್ನು ಬರೆದುಬಿಟ್ಟರು. ಖರ್ಜೂರದ ಮರ ಬೆಂಕಿಕಡ್ಡಿಯಷ್ಟು, ಬಾತು ಕಡಲೆಕಾಳಿನಷ್ಟು.

ಅಷ್ಟರಲ್ಲೇ ಅಧ್ಯಕ್ಷರು ತಮ್ಮ ಪಾದ ನೋಡಲು ಬಂದರು.

"ಏನಮ್ಮ ಇದು?"

"ನೈಲ್ ಪಾಲಿಶ್ ಸಾರ್," ಎಂದರು ಟೀಚರ್.

ಅಧ್ಯಕ್ಷರು ಕನ್ನಡಕ ಏರಿಸಿ, ಬಗ್ಗಿ, ಬೆರಳಿಟ್ಟು ಮೀನು ಎಣಿಸಿದರು. ಒಂಬತ್ತು. "ಸಖತ್ತಾಗಿದೆ. ಹಿಂದಿನ ಕಾಲು ಏನ್ ಪಾಪ ಮಾಡಿತ್ತು?"

ಸಂಜೆಯೊಳಗೆ ಆದೇಶ ಹೊರಬಿತ್ತು. "ಹಿಂದಿನ ಉಗುರಿಗೂ ಕೊಳ ಮಂಜೂರಾಗಿದೆ. ಮುಂದಿಟ್ಟ ಪಾದವು ಸೇವೆಯಲ್ಲಿ ಹಿರಿಯದಾದ ಕಾರಣ, ಹಿಂದಿನ ಕೊಳದ ಮೀನುಗಳು ಅರ್ಧ ಗಾತ್ರದಲ್ಲಿ ಇರತಕ್ಕದ್ದು. ವಿಜಯಲಕ್ಷ್ಮಿಯವರನ್ನು ಉಗುರು ಮೇಲ್ವಿಚಾರಕರನ್ನಾಗಿ ನೇಮಿಸಲಾಗಿದೆ."

ಈಗ ಪಾರ್ಕಿಗೆ ವಾಕಿಂಗ್ ಬರುವವರು ಪಾದಗಳ ಎದುರು ಚಪ್ಪಲಿ ಬಿಟ್ಟು ಮುಂದೆ ಹೋಗುತ್ತಾರೆ. ನೀರು ಬರುತ್ತಿಲ್ಲ, ಬೀದಿದೀಪ ಉರಿಯುತ್ತಿಲ್ಲ ಎಂಬ ಅರ್ಜಿಗಳನ್ನು ಹಿಮ್ಮಡಿಗೆ ಅಂಟಿಸುತ್ತಾರೆ. ಯಾರಿಗೂ ಏನೂ ವಿಚಿತ್ರ ಅನ್ನಿಸಿಲ್ಲ.

ಹಿಂದಿನ ಉಗುರಿನ ಕೆಲಸವನ್ನು ಟೀಚರ್ ಸೀನುವಿಗೆ ಒಪ್ಪಿಸಿದ್ದರು. ಅವನು ನಾಲಿಗೆ ಕಚ್ಚಿಕೊಂಡು, ಬಹಳ ಪ್ರೀತಿಯಿಂದ ಒಂದು ಮೀನು ಬರೆದ. ಟೀಚರ್ ಹತ್ತಿರ ಬಂದು ಸ್ಕೇಲ್ ಇಟ್ಟು ನೋಡಿದರು.

"ಅಯ್ಯೋ ಸೀನು, ಎಷ್ಟು ದೊಡ್ಡದಾಯ್ತಲ್ಲಪ್ಪ ಇದು! ಮುಂದಿನ ಕೊಳದ ಮೀನುಗಳು ಏನಂದ್ಕೋತಾವೆ? ಅಳಿಸು."