ವೈಜಿನಾಥ ಸರ್ ಅವರ ಎದುರಾಳಿ

ಟಿವಿ ಚರ್ಚೆಗೆ ಕುಳಿತ ಕೂಡಲೇ ಓದಿದವರೆಲ್ಲ ಯಾಕೆ ಹೀಗೆ ಗಂಟಲು ಹರಿದುಕೊಳ್ಳುತ್ತಾರೆ? ಭಾಲ್ಕಿಯ ನಿವೃತ್ತ ಉಪನ್ಯಾಸಕ ವೈಜಿನಾಥ ಸರ್‌ಗೆ ಇದು ಬಹುದಿನದ ಕುತೂಹಲ. ಹೀಗಾಗಿ ಚಾನೆಲ್ಲೊಂದು ಅವರನ್ನೇ ಚಿಂತಕರೆಂದು ಚರ್ಚೆಗೆ ಕರೆದಾಗ, "ದನಿ ಏರಸದೇ ಗೆದ್ದು ತೋರಸ್ತೇನಿ, ನೋಡ್ತಿರು" ಎಂದು ಹೆಂಡತಿ ಅಂಜನಾಬಾಯಿಯ ಎದುರು ಘೋಷಿಸಿದರು. ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ ಇದನ್ನೇ ಹೇಳಿದರು. ಇನ್ನು ದನಿ ಏರಿದರೆ ಮಾನ ಹೋದಂತೆಯೇ.

ಸಂಜೆ ಒಳಕೋಣೆಯ ಬಾಗಿಲು ಹಾಕಿಕೊಂಡು, ತೊಗರಿ ಚೀಲಕ್ಕೆ ಮೊಬೈಲ್ ಒರಗಿಸಿ ಕುಳಿತರು. ಪರದೆ ನೋಡಬೇಡಿ, ಕ್ಯಾಮೆರಾ ನೋಡಿ ಎಂದು ಚಾನೆಲ್‌ನವರು ತಾಕೀತು ಮಾಡಿದ್ದರು. ಇತ್ತ ಅಂಜನಾಬಾಯಿ ಓಣಿಯವರನ್ನೆಲ್ಲ ಪಡಸಾಲೆಗೆ ಕರೆದು, ಚಹಾ ಕೊಟ್ಟು, ಟಿವಿಯ ದನಿ ಏರುವಷ್ಟೂ ಏರಿಸಿದ್ದರು. ಒಳಗೆ ಆಡಿದ ಮಾತು ಟಿವಿಯಲ್ಲಿ ತುಸು ತಡವಾಗಿ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಎದುರಿನವರ ಮಾತು ಪೂರ್ತಿ ಕೇಳಬೇಕು," ಎಂದು ಸರ್ ಸಮಾಧಾನದಿಂದ ಶುರುಮಾಡಿದರು. "ಎರಡನೇದು ಏನಂದ್ರ..."

"ಎದುರಿನವರ ಮಾತು ಪೂರ್ತಿ ಕೇಳಬೇಕು," ಎಂದು ಒಡಕು ದನಿಯೊಂದು ಅಡ್ಡಬಂತು.

ಇನ್ನೊಬ್ಬ ಅತಿಥಿ ಬಾಯಿ ಹಾಕಿದನೆಂದೇ ಸರ್ ತಿಳಿದರು. "ಅದನ್ನೇ ಹೇಳ್ಲತ್ತೀನ್ರಿ. ಸ್ವಲ್ಪ ಸುಮ್ಮ ಕೂಡ್ರಿ."

"ಸ್ವಲ್ಪ ಸುಮ್ಮ ಕೂಡ್ರಿ," ಎಂದಿತು ದನಿ.

ಸರ್ ಅವರ ಕಿವಿ ಕೆಂಪಾಯಿತು. "ನನಗ ಸುಮ್ಮ ಕೂಡು ಅಂತೀರಾ? ನಾ ಮೂವತ್ತು ವರ್ಷ ಪಾಠ ಮಾಡೀನಿ."

"ನಾ ಮೂವತ್ತು ವರ್ಷ ಪಾಠ ಮಾಡೀನಿ."

"ಹಂಗಾದ್ರ ಆ ಹುಡುಗರ ಗತಿ ಏನಾಗಿರಬೇಕು!" ಎಂದರು ಸರ್.

ನಿರೂಪಕಿ ತಡೆಯಲಿಲ್ಲ. ಇಷ್ಟು ಬಿಸಿಯಾದ ಚರ್ಚೆ ಆಕೆಗೂ ದಿನಾ ಸಿಗುವಂಥದ್ದಲ್ಲ. ಸರ್ ಎದ್ದು ನಿಂತು, ಬೆರಳು ಅಲ್ಲಾಡಿಸುತ್ತ ಅಬ್ಬರಿಸಿದರು: "ಇಂಥೋರಿಗಿ ಚಿಂತಕರಂತ ಟಿವಿಗಿ ಯಾಕ ಕರೀತೀರಿ?"

ಅಂಜನಾಬಾಯಿ ಗಾಬರಿಯಿಂದ ಬಾಗಿಲು ತೆರೆದರು. "ಯಾರ ಜೋಡಿ ಜಗಳಾಡ್ಲತ್ತೀರಿ? ಟಿವಿದಾಗ ಉಳದೋರೆಲ್ಲ ಬಾಯಿ ಮುಚ್ಚಿ ನಿಮಗೇ ನೋಡ್ಲತ್ತಾರ."

ಸರ್ ಪಡಸಾಲೆಯತ್ತ ನೋಡಿದರು. ಟಿವಿಯಲ್ಲಿ ಅವರದೇ ಮುಖ, ಅವರದೇ ಬೆರಳು, ಅದೇ ಒಡಕು ದನಿ: "ಇಂಥೋರಿಗಿ ಚಿಂತಕರಂತ ಟಿವಿಗಿ ಯಾಕ ಕರೀತೀರಿ?"

ಪಕ್ಕದ ಮನೆಯ ಖಾಜಾ ಮಿಯಾ ಚಹಾದ ಕಪ್ಪು ಕೆಳಗಿಟ್ಟರು.

"ಇಷ್ಟೊತ್ತು ಆಡಿದ್ರಾಗ ಇದೊಂದು ಮಾತು ಖರೇ ಹೇಳಿದ್ರಿ ನೋಡ್ರಿ, ಸರ್."